ಬಟ್ಟೆಯ ಮೇಲಿನ ಮುದ್ರೆ: ಹತ್ತಿಯ ಬೇಲಿನಿಂದ ಡಿಜಿಟಲ್ ಪಾಸ್‌ಪೋರ್ಟಿನವರೆಗೆ



ಇಂದು ನಾವು ತೊಡುವ ಅಂಗಿಯ ಕೊರಳಪಟ್ಟಿಯ ಒಳಗೆ ಒಂದು ಚಿಕ್ಕ ಪಟ್ಟಿ ಹೊಲಿದಿರುತ್ತದೆ. ಅಳತೆ, ಹತ್ತಿಯ ಪ್ರಮಾಣ, ಒಗೆಯುವ ರೀತಿ, ತಯಾರಾದ ದೇಶ ಇವಿಷ್ಟೇ ಅದರಲ್ಲಿ ಕಾಣುತ್ತವೆ. ಹತ್ತಿ ಯಾವ ಹೊಲದ್ದು, ನೂಲು ಯಾವ ಗಿರಣಿಯದು, ಬಣ್ಣ ಹಾಕಿದ ನೀರು ಯಾವ ಹಳ್ಳಕ್ಕೆ ಹರಿಯಿತು, ಹೊಲಿದ ಕೈಗೆ ಎಷ್ಟು ಕೂಲಿ ದಕ್ಕಿತು ಎಂಬುದನ್ನು ಆ ಪಟ್ಟಿ ಹೇಳುವುದಿಲ್ಲ. ಇದರಲ್ಲಿ ಕೆಲವನ್ನಾದರೂ ಹೇಳಿಸಬೇಕೆಂದು ಯುರೋಪ್ ಒಕ್ಕೂಟವು ಒಂದು ಕಾನೂನು ಮಾಡಿದೆ. 2024ರ ಜುಲೈ 18ರಂದು ಜಾರಿಗೆ ಬಂದ ಈ ಕಾನೂನಿನಂತೆ, ಅಲ್ಲಿ ಮಾರಾಟವಾಗುವ ಸರಕುಗಳಿಗೆ ಹಂತಹಂತವಾಗಿ ‘ಡಿಜಿಟಲ್ ಉತ್ಪನ್ನ ಪಾಸ್‌ಪೋರ್ಟ್’ ಎಂಬ ದಾಖಲೆ ಇರಬೇಕಾಗುತ್ತದೆ. ಬಟ್ಟೆಯ ಮೇಲಿನ ಕ್ಯೂಆರ್ ಸಂಕೇತಕ್ಕೆ ಮೊಬೈಲು ಹಿಡಿದರೆ ಆ ಬಟ್ಟೆಯ ಜಾತಕ ತೆರೆದುಕೊಳ್ಳಬೇಕು ಎಂಬುದು ಅದರ ಆಶಯ. 2025ರ ಏಪ್ರಿಲ್ ತಿಂಗಳಲ್ಲಿ ಪ್ರಕಟವಾದ ಕಾರ್ಯಯೋಜನೆಯಲ್ಲಿ, ಮೊದಲು ಕೈಗೆತ್ತಿಕೊಳ್ಳುವ ಸರಕುಗಳ ಸಾಲಿನಲ್ಲಿ ಜವಳಿಗೂ ಸ್ಥಾನ ಸಿಕ್ಕಿದೆ.

ಭೀಮಾತೀರದ ದೇವಣಗಾಂವಿನಲ್ಲಿ ಕುಳಿತವನಿಗೆ ಯುರೋಪಿನ ಕಾನೂನಿನ ಗೊಡವೆ ಯಾಕೆ ಎಂದು ನೀವು ಕೇಳಬಹುದು. ಇತಿಹಾಸದ ಪಾಠ ಹೇಳಿದವನಾದ್ದರಿಂದ, ಈ ಸುದ್ದಿ ಓದಿದಾಗ ಇದು ಹೊಸದೆಂದು ನನಗೆ ಅನ್ನಿಸಲಿಲ್ಲ. ಹತ್ತಿಗೂ ಬಟ್ಟೆಗೂ ಮುದ್ರೆ ಒತ್ತಿ ‘ನೀನು ಯಾರು, ಎಲ್ಲಿಂದ ಬಂದೆ’ ಎಂದು ಕೇಳುವ ಪದ್ಧತಿ ನಮ್ಮ ಭಾಗಕ್ಕೆ ಬಂದು ಒಂದೂವರೆ ಶತಮಾನವೇ ಆಗಿದೆ. ಪ್ರತಿ ಸಲವೂ ಆ ಪ್ರಶ್ನೆಯನ್ನು ಕೇಳಿದವರು ಯಾರು, ಉತ್ತರದಲ್ಲಿ ಯಾರ ಹೆಸರು ಸೇರಿತು, ಯಾರ ಹೆಸರು ಹೊರಗುಳಿಯಿತು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮುದ್ರೆ ಬೇಡವಾಗಿದ್ದ ಕಾಲ

ಒಂದು ಕಾಲಕ್ಕೆ ನಮ್ಮ ಹೆಣ್ಣುಮಕ್ಕಳಿಗೆ ಸೀರೆಯ ಮೇಲೆ ಮುದ್ರೆ ಬೇಕಾಗಿರಲಿಲ್ಲ. ಇಲಕಲ್ಲ ಸೀರೆಯನ್ನೇ ತೆಗೆದುಕೊಳ್ಳಿರಿ. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಕೆಂಪು ಸೆರಗಿನ ಬಿಳಿ ವಿನ್ಯಾಸಕ್ಕೆ ‘ಟೋಪ ತೆನಿ’ ಎಂದು ಹೆಸರು. ಚಿಕ್ಕಿ ಪರಾಸು, ಗೋಮಿ ಎಂದು ದಡಿಗೂ ಹೆಸರುಗಳಿವೆ. ನಮ್ಮ ತಾಯಿಯವರು ಅಂಗಡಿಯಲ್ಲಿ ಸೀರೆಯನ್ನು ಮಡಿಲಿಗೆ ಹಾಕಿಕೊಂಡು ಮೊದಲು ಸೆರಗು ಕೂಡಿದ ಜಾಗವನ್ನು ತಿರುವಿ ನೋಡುತ್ತಿದ್ದರು. ಆಮೇಲೆ ದಡಿಯನ್ನು ಎರಡು ಬೆರಳುಗಳ ನಡುವೆ ತಿಕ್ಕುತ್ತಿದ್ದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ, ಬಟ್ಟೆಯನ್ನು ಓದಲು ಬರುತ್ತಿತ್ತು. ಅಂಗಡಿಯವರಿಗೆ ನೇಕಾರರ ಪರಿಚಯ, ಕೊಳ್ಳುವವರಿಗೆ ಅಂಗಡಿಯವರ ಪರಿಚಯ. ಬಣ್ಣ ಬಿಟ್ಟರೆ ಮುಂದಿನ ಸಂತೆಗೆ ಹೋಗಿ ಕೇಳುವ ಅವಕಾಶವಿತ್ತು.

ಆ ಕಾಲವನ್ನು ನಾನು ಹೊಗಳಿ ಅಟ್ಟಕ್ಕೇರಿಸಲಾರೆ. ಆಗಲೂ ಸಾಲ ಕೊಟ್ಟ ಸಾಹುಕಾರನ ಮುಂದೆ ನೇಕಾರನ ಮಾತು ನಡೆಯುತ್ತಿರಲಿಲ್ಲ. ಆದರೆ ಸರಕಿನ ಗುಣವನ್ನು ತಿಳಿಯಲು ಕಾಗದ ಬೇಕಾಗಿರಲಿಲ್ಲ ಎಂಬುದು ನಿಜ. ಬೆಳೆದವನಿಗೂ ಉಡುವವನಿಗೂ ನಡುವೆ ದೂರ ಹೆಚ್ಚಿದಂತೆ ಸಂದೇಹ ಹೆಚ್ಚಿತು. ಸಂದೇಹ ಹೆಚ್ಚಿದಂತೆ ಮುದ್ರೆ ಬಂದಿತು.

ಹತ್ತಿಯ ಕಲಬೆರಕೆ ಮತ್ತು ಮುಂಬಯಿ ಸರಕಾರ

ಬ್ರಿಟಿಷರ ಕಾಲದಲ್ಲಿ ಬಿಜಾಪುರ, ಧಾರವಾಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ನಮ್ಮ ಎರೆಹೊಲದ ಹತ್ತಿಗೆ ವ್ಯಾಪಾರಿಗಳು ಇಟ್ಟ ಹೆಸರು ‘ಕುಮಟಾ ಹತ್ತಿ’. ಕುಮಟೆಯಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ. ಅದು ಹಡಗು ಏರುತ್ತಿದ್ದ ಬಂದರು ಅಷ್ಟೆ. ಬೆಳೆದ ಊರಿನ ಹೆಸರು ಹೋಗಿ ಹಡಗು ಏರಿದ ಊರಿನ ಹೆಸರು ನಿಂತಿತು. ಮುಂದೆ ಹೇಳಲಿರುವ ಕಥೆಯ ಬೀಜವೆಲ್ಲ ಇದರಲ್ಲಿಯೇ ಇದೆ.

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿಯ ಹತ್ತಿ ಬರುವುದು ನಿಂತು ಲ್ಯಾಂಕಾಶೈರಿನ ಗಿರಣಿಗಳು ಕಂಗೆಟ್ಟವು. ಇಲ್ಲಿ ಹತ್ತಿಯ ಬೆಲೆ ಗಗನಕ್ಕೇರಿತು. ಬೆಲೆ ಏರಿದಾಗ ಕಲಬೆರಕೆಯೂ ಏರಿತು. ಹತ್ತಿಕಾಳು, ಮಣ್ಣು, ಹಳೆಯ ಹತ್ತಿ ಇವೆಲ್ಲ ಅಂಡಿಗೆಯೊಳಗೆ ಸೇರಿದವು. ತೂಕ ಹೆಚ್ಚಲೆಂದು ನೀರು ಚಿಮುಕಿಸುವುದೂ ಉಂಟು. ಇದನ್ನು ತಡೆಯಲು ಮುಂಬಯಿ ಸರಕಾರ 1829ರಷ್ಟು ಹಿಂದೆಯೇ ಒಂದು ನಿಯಮ ಮಾಡಿತ್ತು. 1863ರಲ್ಲಿ ಅದನ್ನು ಬಿಗಿಗೊಳಿಸಿ ಹತ್ತಿ ಮೋಸ ತಡೆ ಕಾಯಿದೆಯನ್ನು ತಂದು, ಹತ್ತಿಯ ಇನ್ಸ್‌ಪೆಕ್ಟರರನ್ನು ನೇಮಿಸಿತು.

ಈ ಕಾಯಿದೆಯ ಹಿಂದಿನ ದೂರು ಬಂದದ್ದು ಇಂಗ್ಲೆಂಡಿನ ಗಿರಣಿಗಳಿಂದ. ಬಿತ್ತಿದ ರೈತನ ಕೈಯಿಂದ ಹಳ್ಳಿಯ ವ್ಯಾಪಾರಿ, ಅಡತಿ, ದಲಾಲಿ, ಬಂದರಿನ ಸಾಹುಕಾರ ಇಷ್ಟು ಕೈಗಳನ್ನು ದಾಟಿ ಹತ್ತಿ ಹಡಗು ಸೇರುತ್ತಿತ್ತು. ಮಣ್ಣು ಯಾವ ಕೈಯಲ್ಲಿ ಬೆರೆಯಿತೆಂದು ಹೇಳುವುದು ಕಷ್ಟ. ಆದರೂ ‘ಇಂಡಿಯಾದ ಹತ್ತಿ ಕೊಳಕು’ ಎಂಬ ಮಾತಿಗೆ ಗುರಿಯಾದವನು ರೈತನೇ.

ಬೇಲಿಗೆ ಬಿದ್ದ ಸಂಖ್ಯೆ

1884ರಲ್ಲಿ ಹೊಟಗಿಯಿಂದ ಬಿಜಾಪುರದ ಮೇಲೆ ಹಾಯ್ದು ಗದಗಿನವರೆಗೆ ರೈಲು ಬಂದಿತು. ಎತ್ತಿನ ಗಾಡಿಯಲ್ಲಿ ಘಟ್ಟ ಇಳಿಯುತ್ತಿದ್ದ ಹತ್ತಿ ರೈಲು ಏರಿ ಮುಂಬಯಿಯ ದಾರಿ ಹಿಡಿಯಿತು. ಜಿನ್ನುಗಳೂ ಪ್ರೆಸ್ಸುಗಳೂ ಹುಟ್ಟಿಕೊಂಡವು. ಕಲಬೆರಕೆಯ ದೂರು ಮಾತ್ರ ನಿಲ್ಲಲಿಲ್ಲ. ಒಳ್ಳೆಯ ಹತ್ತಿ ಬೆಳೆಯುವ ಸೀಮೆಗೆ ಹೊರಗಿನಿಂದ ಕಳಪೆ ಹತ್ತಿ ತಂದು ಬೆರೆಸಿ ಅಲ್ಲಿಯದೇ ಎಂದು ಮಾರುವುದನ್ನು ತಡೆಯಲು 1923ರಲ್ಲಿ ಹತ್ತಿ ಸಾಗಾಣಿಕೆಯ ಕಾಯಿದೆ ಬಂದಿತು. 1925ರಲ್ಲಿ ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್ ಕಾರ್ಖಾನೆಗಳ ಕಾಯಿದೆ ಬಂದಿತು.

ಈ ಎರಡನೆಯ ಕಾಯಿದೆಯನ್ನು ನಾನು ಡಿಜಿಟಲ್ ಪಾಸ್‌ಪೋರ್ಟಿನ ಅಜ್ಜ ಎಂದು ಕರೆಯುತ್ತೇನೆ. ಅದರಂತೆ ಪ್ರತಿಯೊಂದು ಪ್ರೆಸ್ಸಿಗೂ ಒಂದು ಗುರುತು. ಅಲ್ಲಿ ಒತ್ತಿದ ಪ್ರತಿಯೊಂದು ಬೇಲಿಗೂ ಒಂದು ಕ್ರಮಸಂಖ್ಯೆ. ಮಾಲೀಕನು ವಹಿ ಇಡಬೇಕು. ಎಷ್ಟು ಬೇಲು ಒತ್ತಲಾಯಿತು, ಅವುಗಳ ಸಂಖ್ಯೆ ಏನು, ಯಾರಿಗಾಗಿ ಒತ್ತಲಾಯಿತು ಎಂಬುದನ್ನು ಅದರಲ್ಲಿ ಬರೆಯಬೇಕು. ದೂರದ ಗಿರಣಿಯಲ್ಲಿ ಬೇಲು ಬಿಚ್ಚಿದಾಗ ಕಲ್ಲು ಸಿಕ್ಕರೆ, ಸಂಖ್ಯೆ ಹಿಡಿದು ಪ್ರೆಸ್ಸಿನವರೆಗೆ ಹಿಂದಕ್ಕೆ ಬರಬಹುದಾಗಿತ್ತು. ಇಂದು ‘ಟ್ರೇಸೆಬಿಲಿಟಿ’ ಎನ್ನುತ್ತಾರಲ್ಲ, ಅದು ಇದೇ. ಕಂಪ್ಯೂಟರಿನ ಬದಲು ವಹಿ ಇತ್ತು, ಅಷ್ಟೇ ವ್ಯತ್ಯಾಸ.

ಆ ವಹಿಯಲ್ಲಿ ‘ಯಾರಿಗಾಗಿ’ ಎಂಬ ಕಲಮನ್ನು ಗಮನಿಸಿರಿ. ಹತ್ತಿಯನ್ನು ಪ್ರೆಸ್ಸಿಗೆ ತಂದು ಬೇಲು ಒತ್ತಿಸುವವನು ಸಾಮಾನ್ಯವಾಗಿ ವ್ಯಾಪಾರಿ. ಹತ್ತಾರು ಹೊಲಗಳ ಹತ್ತಿ ಜಿನ್ನಿನ ಅಂಗಳದಲ್ಲಿ ಒಂದೇ ರಾಶಿಯಾಗಿ ಬೀಳುತ್ತಿತ್ತು. ಅಲ್ಲಿಗೆ ರೈತನ ಗುರುತು ಮುಗಿಯಿತು. ಬೇಲಿಗೆ ಹೆಸರು ಬಂದ ದಿನವೇ ಬೆಳೆದವನ ಹೆಸರು ಅಳಿಸಿಹೋಯಿತು ಎಂದರೆ ತಪ್ಪಾಗಲಾರದು.

ಆಚೆಯ ಕಡೆಯ ಮೋಸ

ಮೋಸ ಒಂದೇ ಕಡೆಯದಾಗಿರಲಿಲ್ಲ. ಅಮೆರಿಕದ ಹತ್ತಿ ನಿಂತ ಮೇಲೆ ಲ್ಯಾಂಕಾಶೈರಿನ ಗಿರಣಿಗಳು ಗಿಡ್ಡ ಎಳೆಯ ಹತ್ತಿಯಿಂದ ನೂಲಬೇಕಾಯಿತು. ಆ ನೂಲು ಮಗ್ಗದ ಮೇಲೆ ಹರಿಯುತ್ತಿತ್ತು. ಹರಿಯದಿರಲೆಂದು ಗಂಜಿ ಹೆಚ್ಚಿಸಿದರು. ಗಂಜಿಯಲ್ಲಿ ಚೀನೀಮಣ್ಣನ್ನು ಕಲಸಿದರು. ಯುದ್ಧ ಮುಗಿದ ಮೇಲೂ ಈ ಅಭ್ಯಾಸ ಹೋಗಲಿಲ್ಲ, ಏಕೆಂದರೆ ಮಣ್ಣು ಹತ್ತಿಗಿಂತ ಅಗ್ಗ. ತೆಳ್ಳನೆಯ ಬಟ್ಟೆ ಮಣ್ಣು ಕುಡಿದು ದಪ್ಪವಾಗಿ ಕಾಣುತ್ತಿತ್ತು. ಒಮ್ಮೆ ಒಗೆದರೆ ಬಣ್ಣ ಬಯಲು. 1870ರ ದಶಕದಲ್ಲಿ ಇಂಥ ಬಟ್ಟೆ ಹಡಗಿನಲ್ಲಿಯೇ ಬೂಷ್ಟು ಹಿಡಿದು ಬರುತ್ತಿದೆ ಎಂದು ಇಲ್ಲಿಯ ವರ್ತಕರು ದೂರಿದರು.

1889ರ ಸರಕುಗುರುತಿನ ಕಾಯಿದೆಯು ಗಿರಣಿಯ ಥಾನುಗಳ ಮೇಲೆ ಅದರ ಉದ್ದ ಎಷ್ಟು ವಾರು ಎಂಬುದನ್ನು ಅಂಕಿಗಳಲ್ಲಿ ಒತ್ತಬೇಕೆಂದು ವಿಧಿಸಿತು. ಬಟ್ಟೆಯೇ ತನ್ನ ಅಳತೆಯನ್ನು ಹೇಳಬೇಕು ಎಂಬ ನಿಯಮ ಹೀಗೆ ಬಂದಿತು. ಅದೇ ಕಾಲಕ್ಕೆ ಮ್ಯಾಂಚೆಸ್ಟರಿನ ಥಾನುಗಳ ಮೇಲೆ ದೇವರು, ರಾಜರು, ಆನೆ, ಹುಲಿಗಳ ಬಣ್ಣಬಣ್ಣದ ಚೀಟಿಗಳನ್ನು ಅಂಟಿಸಿ ಕಳಿಸುತ್ತಿದ್ದರು. ಚೀಟಿ ಚೆಂದ ಇರುತ್ತಿತ್ತು. ಬಟ್ಟೆಯಲ್ಲಿ ಎಷ್ಟು ಮಣ್ಣಿದೆ ಎಂಬುದನ್ನು ಅದು ಹೇಳುತ್ತಿರಲಿಲ್ಲ. ಇಂದಿನ ಅಂಗಡಿಗಳಲ್ಲಿ ಹಸಿರು ಎಲೆಯ ಚಿತ್ರವಿದ್ದು ‘ಪರಿಸರ ಸ್ನೇಹಿ’ ಎಂದು ಬರೆದ ಚೀಟಿಗಳನ್ನು ಕಂಡಾಗ ನನಗೆ ಆ ಮ್ಯಾಂಚೆಸ್ಟರಿನ ಚೀಟಿಗಳೇ ನೆನಪಾಗುತ್ತವೆ.

ಮುಂದೆ ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರ ನಿಯಂತ್ರಣ ಆಜ್ಞೆಯಿಂದಾಗಿ ಗಿರಣಿಯ ಬಟ್ಟೆಯ ಮೇಲೆ ಬೆಲೆಯೂ ಮುದ್ರಿತವಾಯಿತು. 1988ರ ಗ್ರಾಹಕ ರಕ್ಷಣೆಯ ಜವಳಿ ನಿಯಮವು ಬಟ್ಟೆಯಲ್ಲಿ ಯಾವ ನಾರು ಎಷ್ಟಿದೆ ಎಂಬುದನ್ನು ಬರೆಯಿಸಿತು. ಹೀಗೆ ಉದ್ದ, ಬೆಲೆ, ನಾರು ಒಂದೊಂದಾಗಿ ಬಟ್ಟೆಯ ಮೇಲೆ ಬಂದವು. ದುಡಿದವರ ವಿಷಯ ಮಾತ್ರ ಬರಲಿಲ್ಲ.

ಮಗ್ಗದವರು ಕೇಳಿದ ಮುದ್ರೆ

ಈವರೆಗೆ ಹೇಳಿದ ಮುದ್ರೆಗಳೆಲ್ಲ ಕೊಳ್ಳುವವರ ಅಥವಾ ಸರಕಾರದ ಅಗತ್ಯಕ್ಕೆ ಬಂದವು. ಮಾಡುವವರ ಉಳಿವಿಗೆಂದೇ ಬಂದ ಮುದ್ರೆಗಳೂ ಇವೆ. ವಿದ್ಯುತ್ ಮಗ್ಗಗಳು ಕೈಮಗ್ಗದ ಸೀರೆಯನ್ನು ಹೋಲುವ ಸೀರೆಗಳನ್ನು ಅಗ್ಗಕ್ಕೆ ನೇಯತೊಡಗಿದಾಗ ಕೈಮಗ್ಗದವರ ಅನ್ನಕ್ಕೇ ಕಲ್ಲು ಬಿದ್ದಿತು. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆ 1985ರಲ್ಲಿ ಬಂದಿತು. 2004ರಲ್ಲಿ ರೇಷ್ಮೆಗೆ ‘ಸಿಲ್ಕ್ ಮಾರ್ಕ್’, 2006ರಲ್ಲಿ ಕೈಮಗ್ಗಕ್ಕೆ ‘ಹ್ಯಾಂಡ್‌ಲೂಮ್ ಮಾರ್ಕ್’ ಬಂದವು. ಭೌಗೋಳಿಕ ಸೂಚಕದ ಕಾಯಿದೆ 1999ರಲ್ಲಿ ಅಂಗೀಕಾರವಾಗಿ 2003ರಲ್ಲಿ ಜಾರಿಯಾಯಿತು. ನಮ್ಮ ಇಂಡಿಯ ಲಿಂಬೆಗೆ ದೊರೆತ ಜಿ.ಐ. ಮಾನ್ಯತೆ ನಿಮಗೆ ಗೊತ್ತೇ ಇದೆ. ಅದೇ ಮಾನ್ಯತೆ ಮೈಸೂರು ರೇಷ್ಮೆಗೆ, ಇಲಕಲ್ಲ ಸೀರೆಗೆ, ನಮ್ಮ ಮಗ್ಗುಲಿನ ಸೊಲ್ಲಾಪುರದ ಚಾದರಕ್ಕೆ ಈಗಾಗಲೇ ಇದೆ.

ಆದರೆ ಜಿ.ಐ. ಎಂಬುದು ಸೀಮೆಯ ಹೆಸರನ್ನು ಕಾಯುತ್ತದೆ, ಅಂಗಡಿಯಲ್ಲಿ ಕೈಗೆ ಬಂದ ಒಂದು ಸೀರೆ ಯಾವ ಮಗ್ಗದ್ದೆಂದು ಹೇಳುವುದಿಲ್ಲ. ಇಲಕಲ್ಲ ಎಂದು ಮಾರುವ ಸೀರೆಯಲ್ಲಿ ಕೊಂಡಿಯ ಸೆರಗು ಇಲ್ಲದಿದ್ದರೂ ಕೊಳ್ಳುವವರಿಗೆ ಅದು ತಿಳಿಯದು, ಏಕೆಂದರೆ ತಿರುವಿ ನೋಡುವ ಅಭ್ಯಾಸವೇ ನಮ್ಮ ಮನೆಗಳಿಂದ ಮರೆಯಾಗಿದೆ. 2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ನೇಕಾರರು ಮತ್ತು ಅವರ ಪೂರಕ ಕೆಲಸಗಾರರು 35.22 ಲಕ್ಷ. ಒಂದು ಸೀರೆಗೆ ಒಂದು ಸಂಕೇತ, ಅದರಲ್ಲಿ ನೇಯ್ದವರ ಹೆಸರು ಇದ್ದರೆ ಅವರಿಗೆ ನಿಜವಾದ ಲಾಭವಿದೆ. ಹೊಸ ತಂತ್ರಜ್ಞಾನದ ಬಗ್ಗೆ ನನಗಿರುವ ಆಸೆಗೆ ಇದೂ ಒಂದು ಕಾರಣ.

ಅವಶೇಷಗಳಲ್ಲಿ ಹುಡುಕಿದ ಪಟ್ಟಿಗಳು

2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಬಳಿ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡ ಕುಸಿಯಿತು. ಅದರಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳಿದ್ದವು. ಗೋಡೆ ಬಿರಿದದ್ದನ್ನು ಹಿಂದಿನ ದಿನ ಕಂಡಿದ್ದರೂ ಕೆಲಸಗಾರರನ್ನು ಒಳಗೆ ಕರೆಸಲಾಗಿತ್ತು. 1,134 ಜನ ಸತ್ತರು. ಯಾವ ಯಾವ ದೊಡ್ಡ ಕಂಪನಿಗಳ ಬಟ್ಟೆಗಳು ಅಲ್ಲಿ ತಯಾರಾಗುತ್ತಿದ್ದವು ಎಂದು ತಿಳಿಯಲು ಕಾರ್ಮಿಕ ಹೋರಾಟಗಾರರು ಅವಶೇಷಗಳಲ್ಲಿ ಬಟ್ಟೆಯ ಪಟ್ಟಿಗಳನ್ನು ಹುಡುಕಬೇಕಾಯಿತು. ಒಂದು ಅಂಗಿ ಎಲ್ಲಿ ಹೊಲಿದದ್ದೆಂದು ಹೇಳಲಾರದಷ್ಟು ಉದ್ದವಾಗಿತ್ತು ವ್ಯಾಪಾರದ ಸರಪಳಿ.

ಪಾರದರ್ಶಕತೆ ಬೇಕೆಂಬ ಕೂಗು ಅಲ್ಲಿಂದ ಬಲವಾಯಿತು. ಡಿಜಿಟಲ್ ಪಾಸ್‌ಪೋರ್ಟನ್ನು ತಂದ ಯುರೋಪಿನ ಕಾನೂನಿಗೆ ಪರಿಸರದ ಕಾಳಜಿಯೇ ಮುಖ್ಯ. ಬಟ್ಟೆ ಹೆಚ್ಚು ದಿನ ಬಾಳಬೇಕು, ರಿಪೇರಿಯಾಗಬೇಕು, ಮತ್ತೆ ನೂಲಾಗಬೇಕು ಎಂಬುದು ಅದರ ಗುರಿ. ಮಾರಾಟವಾಗದ ಬಟ್ಟೆಯನ್ನು ದೊಡ್ಡ ಕಂಪನಿಗಳು ನಾಶಮಾಡಬಾರದೆಂಬ ನಿಷೇಧಕ್ಕೆ ಅದು ಗೊತ್ತುಮಾಡಿದ ದಿನ 2026ರ ಜುಲೈ 19. ಹರಿದ ಸೀರೆಗಳನ್ನು ಕೂಡಿಸಿ ಕೌದಿ ಹೊಲಿದ ನಮ್ಮ ಅಜ್ಜಿಯರಿಗೆ ಇಂಥ ಕಾನೂನೊಂದು ಬೇಕಾಯಿತೆಂದು ಹೇಳಿದ್ದರೆ ಅವರು ನಂಬುತ್ತಿದ್ದರೋ ಇಲ್ಲವೋ!

ಹೊಸ ವಹಿಯಲ್ಲಿ ಯಾರ ಹೆಸರು?

ನಮ್ಮ ದೇಶವೂ ಕೈಕಟ್ಟಿ ಕುಳಿತಿಲ್ಲ. 2020ರ ಅಕ್ಟೋಬರ್ 7ರ ವಿಶ್ವ ಹತ್ತಿ ದಿನದಂದು ಭಾರತದ ಹತ್ತಿಗೆ ‘ಕಸ್ತೂರಿ’ ಎಂಬ ಹೆಸರನ್ನು ಇಡಲಾಯಿತು. ಬೇಲುಗಳಿಗೆ ಕ್ಯೂಆರ್ ಸಂಕೇತ ಹಾಕಿ, ತಿದ್ದಲು ಬಾರದಂತೆ ದಾಖಲೆ ಇಡುವ ಬ್ಲಾಕ್‌ಚೈನ್ ವ್ಯವಸ್ಥೆಯಲ್ಲಿ ಸೇರಿಸುವ ಕೆಲಸ ನಡೆದಿದೆ. 1925ರ ವಹಿಯ ಮೊಮ್ಮಗ ಹುಟ್ಟಿದ್ದಾನೆ ಎನ್ನೋಣ.

ಆದರೆ ವಹಿ ಎಷ್ಟೇ ಹೊಸದಾದರೂ ಬರೆಯುವ ಕೈ ಸುಳ್ಳು ಬರೆದರೆ ಸುಳ್ಳೇ ಭದ್ರವಾಗಿ ಉಳಿಯುತ್ತದೆ. 2020ರ ಅಕ್ಟೋಬರಿನಲ್ಲಿ ಸಾವಯವ ಜವಳಿಗೆ ಪ್ರಮಾಣಪತ್ರ ಕೊಡುವ ‘ಗಾಟ್ಸ್’ ಎಂಬ ಅಂತರರಾಷ್ಟ್ರೀಯ ಸಂಸ್ಥೆಯೇ, ಭಾರತದಲ್ಲಿ ನಕಲಿ ಪತ್ರಗಳ ಆಧಾರದ ಮೇಲೆ 20,000 ಟನ್ ಹತ್ತಿ ಸಾವಯವವೆಂದು ತೋರಿಸಲ್ಪಟ್ಟಿದೆ ಎಂದು ಪ್ರಕಟಿಸಿತು. 1863ರಲ್ಲಿ ಮಣ್ಣನ್ನು ಬೆರೆಸುತ್ತಿದ್ದರು, ಈಗ ಕಾಗದವನ್ನು ಬೆರೆಸಿದರು.

ಇನ್ನೊಂದು ಮಾತು ಲೆಕ್ಕಕ್ಕೆ ಸಂಬಂಧಿಸಿದ್ದು. ಒಂದು ಹತ್ತಿಯ ಟೀ ಶರ್ಟಿಗೆ 2,700 ಲೀಟರು ನೀರು ಖರ್ಚಾಗುತ್ತದೆ ಎಂಬ ಅಂದಾಜನ್ನು ನೀವೂ ಓದಿರಬಹುದು. ಅದು ಸರಾಸರಿ. ಕಾಲುವೆಯ ನೀರುಂಡ ಹತ್ತಿಯೂ, ನಮ್ಮ ಎರೆಭೂಮಿಯಲ್ಲಿ ಮಳೆಯ ತೇವವನ್ನೇ ನಂಬಿ ಬೆಳೆದ ಹತ್ತಿಯೂ ಆ ಸರಾಸರಿಯಲ್ಲಿ ಒಂದೇ ಆಗಿಬಿಡುತ್ತವೆ. ಧಾರವಾಡದ ಸಂಶೋಧನೆಯಿಂದ ಬಂದ ‘ಜಯಧರ’ ಎಂಬ ನಾಟಿ ಜಾತಿಯ ಹತ್ತಿ ಬರಗಾಲಕ್ಕೆ ಬಗ್ಗುತ್ತಿರಲಿಲ್ಲ, ಔಷಧಿಯನ್ನೂ ಹೆಚ್ಚು ಬೇಡುತ್ತಿರಲಿಲ್ಲ. ಆದರೆ ಗಿರಣಿಗಳಿಗೆ ಉದ್ದ ಎಳೆ ಬೇಕಾಗಿತ್ತು. 1972ರಲ್ಲಿ ಡಾ. ಬಿ. ಎಚ್. ಕಟರಕಿ ಅವರ ‘ವರಲಕ್ಷ್ಮಿ’ ಸಂಕರಣ ತಳಿ ಬಂದು ರೈತರಿಗೆ ಒಳ್ಳೆಯ ಹಣವನ್ನು ಕಾಣಿಸಿತು. ಜೊತೆಗೆ ಕೀಟನಾಶಕದ ಖರ್ಚನ್ನೂ ತಂದಿತು. ಜಯಧರ ಬೆಳೆದವನ ಒಳ್ಳೆಯತನಕ್ಕೆ ಆ ಕಾಲದ ಪೇಟೆಯಲ್ಲಿ ಬೆಲೆ ಇರಲಿಲ್ಲ, ಏಕೆಂದರೆ ಅದನ್ನು ಬರೆದಿಡುವ ಕಲಮೇ ಯಾವ ವಹಿಯಲ್ಲಿಯೂ ಇರಲಿಲ್ಲ. ಹೊಸ ದಾಖಲೆಯಲ್ಲಾದರೂ ಹೊಲದ ನಿಜವಾದ ಲೆಕ್ಕ ಬರಬೇಕು, ಸರಾಸರಿಯ ಲೆಕ್ಕ ಬಂದರೆ ಒಣಬೇಸಾಯದ ರೈತನಿಗೆ ಮತ್ತೊಮ್ಮೆ ಅನ್ಯಾಯವಾಗುತ್ತದೆ.

ಈ ವಿಷಯವನ್ನು ಒಮ್ಮೆ ಊರ ಕಟ್ಟೆಯ ಮೇಲೆ ನಾನು ವಿವರಿಸುತ್ತಿದ್ದಾಗ, ಎಂಟನೆಯ ತರಗತಿಯಲ್ಲಿ ನನ್ನ ಕೈಯಲ್ಲಿ ಕಲಿತು ಈಗ ಒಕ್ಕಲುತನ ಮಾಡುವ ಶಿಷ್ಯನೊಬ್ಬ ಸುಮ್ಮನೆ ಕೇಳುತ್ತಿದ್ದ. ಕೊನೆಗೆ, “ಅಲ್ರೀ ಸರ, ನನ್ನ ಹತ್ತಿ ಎಲ್ಲಿಂದ ಬಂತು ಅಂತ ಅಂಗಿ ತಗೊಂಡಾವ್ಗ ಗೊತ್ತಾಗ್ತೈತಿ. ನನ್ನ ಹತ್ತಿ ಎಲ್ಲಿಗಿ ಹೋತು, ಎಷ್ಟಕ್ಕ ಹೋತು ಅಂತ ನನಗ ಯಾರ ಹೇಳ್ತಾರ್ರಿ?” ಎಂದ.

ಬಹಳ ವರ್ಷ ಪ್ರಶ್ನೆ ಕೇಳುತ್ತಲೇ ಬಂದ ಮಾಸ್ತರನಿಗೆ ಇಂಥ ಪ್ರಶ್ನೆ ಸಿಗುವುದು ಅಪರೂಪ. 1829ರಿಂದ ಇಂದಿನವರೆಗಿನ ಮುದ್ರೆಗಳ ಇತಿಹಾಸದಲ್ಲಿ ಮಾಹಿತಿಯು ಹೆಚ್ಚಾಗಿ ಒಂದೇ ದಿಕ್ಕಿಗೆ, ಹೊಲದಿಂದ ಪೇಟೆಯ ಕಡೆಗೆ ಹರಿದಿದೆ. ಕೊಳ್ಳುವವನಿಗೆ ಬೆಳೆದವನ ಬಗ್ಗೆ ಸಂದೇಹವಿದ್ದರೆ ಕಾನೂನು ಬರುತ್ತದೆ. ಬೆಳೆದವನಿಗೆ ಕೊಳ್ಳುವವನ ಬಗ್ಗೆ ಸಂದೇಹವಿದ್ದರೆ ಅವನು ಗೊಣಗುತ್ತ ಗಾಡಿ ತಿರುಗಿಸುತ್ತಾನೆ. ಕ್ಯೂಆರ್ ಸಂಕೇತ ಎರಡೂ ಕಡೆ ತೆರೆಯುವ ಬಾಗಿಲಾಗಬಲ್ಲದು. ಕ್ವಿಂಟಲಿಗೆ ತನಗೆ ಸಿಕ್ಕ ಬೆಲೆ ಎಷ್ಟು, ಅದೇ ಹತ್ತಿಯ ಅಂಗಿ ಮಾರಿದ ಬೆಲೆ ಎಷ್ಟು ಎಂಬುದನ್ನು ರೈತನೂ ತನ್ನ ಮೊಬೈಲಿನಲ್ಲಿ ನೋಡುವಂತಾದರೆ ಅದಕ್ಕೆ ಪಾರದರ್ಶಕತೆ ಎಂಬ ಹೆಸರು ಒಪ್ಪುತ್ತದೆ.

ದಾಖಲೆಯ ಖರ್ಚು ಯಾರದು ಎಂಬುದನ್ನೂ ಕೇಳಬೇಕು. ದೊಡ್ಡ ಗಿರಣಿಗೆ ಕಂಪ್ಯೂಟರೂ ಇದೆ, ಕಾರಕೂನನೂ ಇದ್ದಾನೆ. ನಾಲ್ಕು ಎಕರೆಯ ರೈತನಿಗೆ, ಒಂದು ಮಗ್ಗದ ನೇಕಾರನಿಗೆ ಆ ಅನುಕೂಲವಿಲ್ಲ. ದಾಖಲೆ ಕೊಡಲಾರದವನ ಸರಕು ಬೇಡ ಎನ್ನುವ ದಿನ ಬಂದರೆ, ಪರಿಸರಕ್ಕೆ ಎಲ್ಲರಿಗಿಂತ ಕಡಿಮೆ ಹಾನಿ ಮಾಡಿದವನೇ ಮೊದಲು ಪೇಟೆಯಿಂದ ಹೊರಬೀಳುತ್ತಾನೆ. ಸಹಕಾರಿ ಸಂಘಗಳು, ರೈತ ಉತ್ಪಾದಕ ಕಂಪನಿಗಳು ಈ ಬರವಣಿಗೆಯ ಭಾರವನ್ನು ಹೊರಲು ಈಗಿನಿಂದಲೇ ಸಿದ್ಧವಾಗಬೇಕು.

ನೇಕಾರ ಜೇಡರ ದಾಸಿಮಯ್ಯನ ಮುದನೂರು ನಮಗೆ ದೂರದ ಊರಲ್ಲ. ಬಸವನ ಬಾಗೇವಾಡಿಯಂತೂ ನಮ್ಮ ಜಿಲ್ಲೆಯದೇ. ಶರಣರಲ್ಲಿ ಹಲವರನ್ನು ನಾವು ಇಂದಿಗೂ ಅವರ ಕಾಯಕದ ಹೆಸರು ಸೇರಿಸಿಯೇ ಕರೆಯುತ್ತೇವೆ. ದುಡಿಮೆಯೊಡನೆ ದುಡಿದವನ ಹೆಸರನ್ನೂ ಉಳಿಸಿಕೊಂಡ ಸೀಮೆ ಇದು.

ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ, ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸ ಮಾಡುವ ನನ್ನ ಶಿಷ್ಯರೂ ಶಿಷ್ಯೆಯರೂ ಇದನ್ನು ಓದುತ್ತಿರಬಹುದು. ಇಂಥ ಡಿಜಿಟಲ್ ವಹಿಗಳನ್ನು ಮುಂದೆ ಬರೆಯುವವರು, ಅದರ ಕಲಮುಗಳನ್ನು ನಿರ್ಧರಿಸುವವರು ನಿಮ್ಮಂಥವರೇ. ಅಲ್ಲಿ ‘ಯಾರಿಗಾಗಿ’ ಎಂಬ ಕಲಮು ಹೇಗೂ ಇದ್ದೇ ಇರುತ್ತದೆ. ಅದರ ಪಕ್ಕದಲ್ಲಿ ‘ಯಾರಿಂದ’ ಎಂಬ ಇನ್ನೊಂದು ಕಲಮನ್ನು ಹಾಕಿಸಿರಿ. ನಿಮ್ಮ ಕೆಲಸದಲ್ಲಿ ಇಂಥದ್ದು ಏನಾದರೂ ನಡೆದಿದ್ದರೆ ನನಗೆ ತಪ್ಪದೆ ಬರೆದು ತಿಳಿಸಿರಿ. ಕಟ್ಟೆಯ ಮೇಲೆ ಆ ಪ್ರಶ್ನೆ ಕೇಳಿದ ಶಿಷ್ಯನಿಗೆ ನಾನು ಇನ್ನೂ ಉತ್ತರ ಕೊಡಬೇಕಾಗಿದೆ.